ಜಾಂಗಲವೃಕ್ಷಗಳಲ್ಲಿ ಇಂಗಾಲದ ತೂಕ

ಕನ್ನಡದ ವಿಜ್ಞಾನಗ್ರಂಥಗಳಲ್ಲಿ ಈಗ ರೂಢವಾಗಿರುವ ‘ಇಂಗಾಲ’ವೆಂಬ ಶಬ್ದವು ಸಂಸ್ಕೃತದ ‘ಅಂಗಾರ’ಕ್ಕೆ ಪ್ರಾಕೃತದಲ್ಲಿ ಉಂಟಾದ ರೂಪವಾಗಿದೆ. ಅಂಗಾರವೆಂದರೆ ಕೆಂಡ, ಕೆಂಡವಾರಿದ ಮೇಲೆ ಉಳಿಯುವ ಇದ್ದಲಿಗೂ ಅದೇ ಹೆಸರು. ಜೈನಾಗಮಗಳಲ್ಲಿ ಶ್ರಾವಕನು ಬಿಡತಕ್ಕ ಹದಿನೈದು ಜೀವನೋಪಾಯಗಳನ್ನು ಎಣಿಸುವಾಗ ‘ಇಂಗಾಲಕಮ್ಮ’ವು ಮೊದಲನೆಯದಾಗಿಯೂ ‘ವಣಕಮ್ಮ’ವು ಎರಡನೆಯದಾಗಿಯೂ ಹೇಳಲ್ಪಟ್ಟಿವೆ. ಇದ್ದಲು ಸುಡುವ ಕಸುಬು ಒಂದು, ಕಾಡು ಕಡಿಯುವ ಕಸುಬು ಇನ್ನೊಂದು. ಇವೆರಡನ್ನೂ ಒತ್ತಟ್ಟಿಗೆ ಇಟ್ಟ ಪ್ರಾಚೀನರಿಗೆ ಮರಕ್ಕೂ ಇಂಗಾಲಕ್ಕೂ ಇರುವ ಸಂಬಂಧವು ಕಸುಬಿನ ಮಟ್ಟಿಗೆ ತಿಳಿದೇ ಇದ್ದಿತು. ಕಡಿಯದೆ, ಸುಡದೆ, ನಿಂತಿರುವ ಮರದೊಳಗೆ ಇಂಗಾಲವೆಷ್ಟು ಎಂಬ ಪ್ರಶ್ನೆಯಾದರೋ ಅವರದಲ್ಲ, ಅದು ಈಚಿನದು.

ಈ ಪ್ರಶ್ನೆಗೆ ಇಂದು ರಾಜ್ಯಗಳ ಲೆಕ್ಕಪತ್ರದಲ್ಲಿ ಸ್ಥಾನವುಂಟು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ೧೯೫೮ರಲ್ಲಿ ಗಾಳಿಯಲ್ಲಿನ ಇಂಗಾಲಾಮ್ಲವಾಯುವನ್ನು ಅಳೆಯತೊಡಗಿದಾಗ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೩೧೫ ಭಾಗವಿದ್ದುದು ಈಗ ೪೨೦ನ್ನು ಮೀರಿದೆ. ೧೯೯೨ರ ಒಪ್ಪಂದದಿಂದ ಈಚೆಗೆ ಪ್ರತಿಯೊಂದು ದೇಶವೂ ತನ್ನ ಅರಣ್ಯಗಳು ಹಿಡಿದಿಟ್ಟುಕೊಂಡಿರುವ ಇಂಗಾಲದ ಲೆಕ್ಕವನ್ನು ಕೊಡುವುದು ವಾಡಿಕೆಯಾಗಿದೆ. ಆ ಲೆಕ್ಕದ ಮೂಲವನ್ನು ಹಿಡಿದು ಹಿಂದಕ್ಕೆ ಹೋದರೆ ದೊರೆಯುವ ಚರಿತ್ರೆಯು ವಿಚಿತ್ರವಾದುದು. ಅದರಲ್ಲಿಯೂ ವರ್ಷದಲ್ಲಿ ಹಲವು ತಿಂಗಳು ಮಳೆಯಿಲ್ಲದೆ ಎಲೆಯುದುರಿಸಿ ನಿಲ್ಲುವ ಉಷ್ಣವಲಯದ ಒಣಕಾಡುಗಳ ಮಟ್ಟಿಗೆ ಬಹು ಸ್ವಲ್ಪವಾದ ಆಧಾರದ ಮೇಲೆ ಬಹು ದೊಡ್ಡ ಕಟ್ಟಡವು ನಿಂತಿದ್ದಿತೆಂಬುದು ಕಾಣಬರುತ್ತದೆ.

ಮೊದಲು ಕಾಡಿನ ಹೆಸರನ್ನೇ ವಿಚಾರಿಸಬಹುದು. ಚರಕ ಸುಶ್ರುತರು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತಾರೆ. ಆನೂಪವು ನೀರು ನಿಲ್ಲುವ, ದಟ್ಟವಾದ, ಕಫವಾತಪ್ರಾಯವಾದ ದೇಶ. ಜಾಂಗಲವು ಬಯಲಾದ, ಬಿಸಿಲಿನ, ನೀರು ಕಡಮೆಯಾದ ದೇಶ. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಜಾಂಗಲದ ಮರಗಳೆಂದು ಖದಿರ, ಅಸನ, ಧವ, ತಿನಿಶ, ಸಲ್ಲಕಿ, ತಿಂದುಕ, ಬದರಿ, ಆಮಲಕ ಮೊದಲಾದವುಗಳನ್ನು ಹೆಸರಿಸಿದೆ. ಇವು ಕಗ್ಗಲಿ, ದಿಂಡಿಗ, ತೂಬರ, ಎಲಚಿ, ನೆಲ್ಲಿಗಳಿಂದ ಕೂಡಿದ ಒಣನಾಡಿನ ಕಾಡಲ್ಲದೆ ಬೇರೆಯಲ್ಲ. ಇದೇ ಶಬ್ದವು ದೇಶಭಾಷೆಗಳ ಮೂಲಕ ಇಂಗ್ಲಿಷರ ಬಾಯಿಗೆ ಬಿದ್ದು ‘ಜಂಗಲ್’ ಎಂದಾಗಿ, ಕಾಲಕ್ರಮದಲ್ಲಿ ನೀರು ತೊಟ್ಟಿಕ್ಕುವ, ಬಳ್ಳಿ ಹೆಣೆದುಕೊಂಡ, ಬಿಸಿಲು ಕಾಣದ ಕಾಡಿಗೆ ಹೆಸರಾಯಿತು. ಒಣದೇಶದ ಹೆಸರನ್ನು ಒದ್ದೆಕಾಡು ಕಿತ್ತುಕೊಂಡಿತು. ಫ್ರಾನ್ಸ್ ದೇಶದ ವಿದ್ವಾಂಸ ಫ್ರಾನ್ಸಿಸ್ ಜ಼ಿಮ್ಮರ್‌ಮಾನರು ೧೯೮೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅರ್ಥವಿಪರ್ಯಾಸವನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಶಬ್ದಕ್ಕೆ ಆದದ್ದೇ ಮುಂದೆ ಮಾನಕ್ಕೂ ಆಯಿತು. ಉಷ್ಣವಲಯದ ಕಾಡೆಂದರೆ ಮಳೆಕಾಡೆಂದೇ ಜನರು ಭಾವಿಸಿದರು. ಅಳತೆಗಾರರೂ ಬಹುಕಾಲ ಹಾಗೆಯೇ ಭಾವಿಸಿದರು.

ಮರವನ್ನು ಅಳೆಯುವ ಗಣಿತವು ಭಾರತದಲ್ಲಿ ಹಳೆಯದು. ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿಯೂ (ಕ್ರಿ. ಶ. ೬೨೮), ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ, ಭಾಸ್ಕರಾಚಾರ್ಯನ ಲೀಲಾವತಿಯಲ್ಲಿಯೂ (ಕ್ರಿ. ಶ. ೧೧೫೦) ‘ಕ್ರಕಚವ್ಯವಹಾರ’ವೆಂಬ ಪ್ರಕರಣವುಂಟು. ಕ್ರಕಚವೆಂದರೆ ಗರಗಸ. ದಿಮ್ಮಿಯನ್ನು ಇಷ್ಟು ಸೀಳು ಸೀಳಿದರೆ ಕೊಯ್ದ ಮುಖದ ವಿಸ್ತೀರ್ಣವೆಷ್ಟು, ಕೊಯ್ಯುವವನ ಕೂಲಿಯೆಷ್ಟು ಎಂಬುದು ಅಲ್ಲಿಯ ವಿಷಯ. ಗಮನಿಸತಕ್ಕ ಅಂಶವೇನೆಂದರೆ, ಬ್ರಹ್ಮಗುಪ್ತನು ಎಲ್ಲಾ ಮರಗಳಿಗೂ ಒಂದೇ ಭಾಜಕವನ್ನು ಹೇಳಿಲ್ಲ. ಶಾಕ, ಅಂದರೆ ತೇಗವೇ ಮೊದಲಾದವುಗಳಿಗೆ ೯೬. ಶಾಲ್ಮಲಿಗೆ, ಅಂದರೆ ಬೂರುಗಕ್ಕೆ ೨೦೦. ಭಾಜಕವು ದೊಡ್ಡದಾದಷ್ಟೂ ಕೆಲಸವು ಕಡಮೆಯೆಂದು ಅರ್ಥ. ಮಹಾವೀರನೂ ಮರಗಳ ಹೆಸರುಗಳನ್ನು ಗುಂಪಾಗಿ ಹೇಳಿ ಪಟ್ಟಿಕೆಯ ಅಳತೆಯನ್ನು ವಿಧಿಸುತ್ತಾನೆ. ಭಾಸ್ಕರನು ಸಂಖ್ಯೆಯ ಗೊಡವೆಗೆ ಹೋಗದೆ, ಮೆದುವೋ ಗಟ್ಟಿಯೋ ಎಂಬುದನ್ನು ನೋಡಿ ಕೆಲಸದವರೊಡನೆ ಒಪ್ಪಿಕೊಂಡಂತೆ ಕೂಲಿಯೆಂದು ಹೇಳಿಬಿಡುತ್ತಾನೆ. ಈ ಭಾಜಕಗಳಲ್ಲಿ ಕಾಷ್ಠಸಾಂದ್ರತೆಯ ಆಧುನಿಕ ಕೋಷ್ಟಕವನ್ನೇ ಕಾಣುವೆವೆನ್ನುವವರು ಅತ್ಯುಕ್ತಿಯನ್ನಾಡುತ್ತಾರೆ. ಅಳೆದದ್ದು ಗರಗಸದ ಶ್ರಮವನ್ನು, ಮರದ ತೂಕವನ್ನಲ್ಲ. ಆದರೂ ಒಂದೇ ಗಾತ್ರದ ಎರಡು ಮರಗಳು ಒಂದೇ ಅಲ್ಲವೆಂಬ ಅರಿವು ಅಲ್ಲಿರುವುದು ಸ್ಪಷ್ಟ. ಸಾವಿರಕ್ಕೂ ಮಿಕ್ಕ ವರ್ಷಗಳ ಮೇಲೆ ಇಂಗಾಲದ ಲೆಕ್ಕದವರು ಇದೇ ಅರಿವಿಗೆ ಬಹಳ ಸುತ್ತು ಸುತ್ತಿ ಬಂದರು.

ಮರದ ಮೈಯು ಯಾವುದರಿಂದ ಆಗುತ್ತದೆಂಬುದನ್ನು ತೂಕ ಹಾಕಿ ನೋಡಬೇಕೆಂದು ಹೊರಟವರಲ್ಲಿ ಬೆಲ್ಜಿಯಂ ಸೀಮೆಯ ವ್ಯಾನ್ ಹೆಲ್ಮಾಂಟನ ಹೆಸರು ಪ್ರಸಿದ್ಧವಾದುದು. ಒಣಗಿಸಿದ ೨೦೦ ಪೌಂಡು ಮಣ್ಣಿನಲ್ಲಿ ೫ ಪೌಂಡು ತೂಕದ ವಿಲ್ಲೋ ಸಸಿಯನ್ನು ನೆಟ್ಟು, ನೀರನ್ನು ಮಾತ್ರ ಹೊಯ್ದು, ಐದು ವರ್ಷಗಳ ಮೇಲೆ ತೂಗಿದನು. ಮರವು ೧೬೯ ಪೌಂಡಿಗೂ ಸ್ವಲ್ಪ ಮಿಕ್ಕಿದ್ದಿತು. ಮಣ್ಣಿನಲ್ಲಿ ಕಡಮೆಯಾದದ್ದು ಸುಮಾರು ಎರಡು ಔನ್ಸು. ಆದುದರಿಂದ ಮರವೆಲ್ಲವೂ ನೀರಿನಿಂದಲೇ ಆದದ್ದೆಂದು ಅವನು ತೀರ್ಮಾನಿಸಿದನು. ಅವನು ಗತಿಸಿದ ಮೇಲೆ ೧೬೪೮ರಲ್ಲಿ ಪ್ರಕಟವಾದ ಅದೇ ಗ್ರಂಥದಲ್ಲಿ, ೬೨ ಪೌಂಡು ಓಕ್ ಮರದ ಇದ್ದಲನ್ನು ಸುಟ್ಟರೆ ಉಳಿಯುವ ಬೂದಿಯು ಒಂದೇ ಪೌಂಡು, ಮಿಕ್ಕ ೬೧ ಪೌಂಡು ಹಿಡಿಯಲಾಗದ ಒಂದು ವಾಯುವಾಗಿ ಹೊರಟುಹೋಗುವುದೆಂದೂ ಬರೆದಿದೆ. ‘ಗ್ಯಾಸ್’ ಎಂಬ ಶಬ್ದವನ್ನು ಸೃಷ್ಟಿಸಿದವನೂ ಅವನೇ. ಆ ವಾಯುವಿಗೆ ಕಾಡಿನದು, ಪಳಗದ್ದು ಎಂಬ ಅರ್ಥದ ‘ಸಿಲ್ವೆಸ್ಟ್ರೆ’ ಎಂಬ ವಿಶೇಷಣವನ್ನು ಕೊಟ್ಟವನೂ ಅವನೇ. ಮರವು ಸುಟ್ಟು ಹೋದ ದಾರಿಯನ್ನು ಕಂಡವನು ಅದು ಬಂದ ದಾರಿಯೂ ಅದೇ ಇರಬಹುದೆಂದು ಕಾಣಲಿಲ್ಲ. ಎರಡು ಪ್ರಯೋಗಗಳೂ ಒಂದೇ ಹೊತ್ತಗೆಯೊಳಗೆ ಒಂದಕ್ಕೊಂದು ಮಾತಾಡದೆ ಕುಳಿತಿದ್ದವು.

ಅವಕ್ಕೆ ಮಾತು ಬರುವುದಕ್ಕೆ ನೂರೈವತ್ತು ವರ್ಷಗಳು ಹಿಡಿದವು. ಪ್ರೀಸ್ಟ್ಲಿಯು ೧೭೭೧ರಲ್ಲಿ ಪುದೀನದ ಗಿಡವು ಕೆಟ್ಟ ಗಾಳಿಯನ್ನು ತಿಳಿಯಾಗಿಸುವುದನ್ನು ಕಂಡನು; ಇಂಗೆನ್‌ಹೌಸನು ೧೭೭೯ರಲ್ಲಿ ಅದಕ್ಕೆ ಬೆಳಕು ಬೇಕೆಂದು ತೋರಿಸಿದನು; ಸೆನೆಬಿಯೆಯು ೧೭೮೨ರಲ್ಲಿ ಇಂಗಾಲಾಮ್ಲವಾಯು ಬೇಕೆಂದು ತೋರಿಸಿದನು. ಜಿನೀವದ ಸೋಸ್ಯೂರನು ೧೮೦೪ರ ಗ್ರಂಥದಲ್ಲಿ ಗಿಡದ ಇಂಗಾಲವು ಗಾಳಿಯಿಂದಲೂ, ಉಳಿದ ಹೆಚ್ಚಿನ ತೂಕವು ನೀರಿನಿಂದಲೂ ಬರುವುದೆಂದು ತೂಕದ ಮೂಲಕವೇ ಸ್ಥಾಪಿಸಿದನು. ಮರವೆಂದರೆ ಗಟ್ಟಿಯಾದ ಗಾಳಿ ಎಂಬುದು ಅಲ್ಲಿಗೆ ಸಿದ್ಧವಾಯಿತು.

ಆದರೆ ಈ ರಸಾಯನಜ್ಞರ ತಕ್ಕಡಿಯೂ ಅರಣ್ಯಾಧಿಕಾರಿಗಳ ಅಳತೆಯ ಹಗ್ಗವೂ ಮುಂದಿನ ನೂರೈವತ್ತು ವರ್ಷ ಹೆಚ್ಚಾಗಿ ಒಂದೆಡೆ ಸೇರಲಿಲ್ಲ. ಅರಣ್ಯಾಧಿಕಾರಿಗೆ ಬೇಕಾಗಿದ್ದದ್ದು ಚೌಬೀನೆ. ೧೮೫೬ರಲ್ಲಿ ಬರ್ಮಾದ ಪೆಗು ಪ್ರಾಂತದ ತೇಗದ ಕಾಡುಗಳಿಗೆ ಅಧಿಕಾರಿಯಾಗಿ ಬಂದ ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರ್ಯಾಂಡಿಸನು, ಕಾಡಿನೊಳಗೆ ಒಂದು ಗೆರೆಯನ್ನು ಹಿಡಿದು ಸಾಗುತ್ತ, ದಾರಿಯ ಇಕ್ಕೆಲದ ತೇಗಗಳನ್ನು ಸುತ್ತಳತೆಗೆ ಅನುಸಾರವಾಗಿ ವರ್ಗವರ್ಗವಾಗಿ ಎಣಿಸಿದನು. ಎಣಿಕೆಗೆ ಅವನು ಬಳಸಿದ್ದು ಬಿದಿರಿನ ತುಂಡು ಮತ್ತು ಚಾಕು, ಮರಕ್ಕೊಂದು ಗೀರು. ಆ ಗೀರುಗಳಿಂದ ಇಡೀ ಕಾಡಿನಲ್ಲಿ ಕಡಿಯತಕ್ಕ ಮರಗಳೆಷ್ಟು, ಕಾಯತಕ್ಕವೆಷ್ಟು ಎಂದು ಅನುಮಾನಿಸಿದನು. ೧೮೬೪ರಲ್ಲಿ ಭಾರತದ ಅರಣ್ಯಗಳ ಪ್ರಥಮ ಇನ್‌ಸ್ಪೆಕ್ಟರ್ ಜನರಲ್ ಆದವನು ಇವನೇ. ಸ್ವಲ್ಪ ಭಾಗವನ್ನು ಎಣಿಸಿ ಸಮಸ್ತವನ್ನು ಊಹಿಸುವ ಕ್ರಮಕ್ಕೆ ಭಾರತದ ಅರಣ್ಯಶಾಖೆಯಲ್ಲಿ ಮೊದಲ ಗುರುವೆಂದರೆ ತಪ್ಪಾಗದು. ಆದರೆ ಎಣಿಸಿದ್ದು ತೇಗವನ್ನು ಮಾತ್ರ. ಪಕ್ಕದ ಮತ್ತಿ, ದಿಂಡಿಗಗಳಿಗೆ ಬಿದಿರಿನ ಮೇಲೆ ಗೀರಿಲ್ಲ.

ಕಡಿದ ದಿಮ್ಮಿಯನ್ನು ಅಳೆಯುವ ಕ್ರಮವೂ ಇದೇ ದೃಷ್ಟಿಯದು. ಸುತ್ತಳತೆಯ ನಾಲ್ಕರಲ್ಲೊಂದು ಪಾಲನ್ನು ವರ್ಗಮಾಡಿ ಉದ್ದದಿಂದ ಗುಣಿಸುವ ಪದ್ಧತಿಯು ೧೭೩೬ರಲ್ಲಿ ಕೋಷ್ಟಕವನ್ನು ಪ್ರಕಟಿಸಿದ ಇಂಗ್ಲೆಂಡಿನ ಹೊಪ್ಪಸನ ಹೆಸರಿನಲ್ಲಿ ಭಾರತದಲ್ಲಿಯೂ ನಡೆಯಿತು. ಹೀಗೆ ಗುಣಿಸಿದರೆ ಉರುಟು ದಿಮ್ಮಿಯ ನಿಜವಾದ ಘನಫಲದ ನೂರರಲ್ಲಿ ೭೮ೂವರೆ ಪಾಲು ಮಾತ್ರ ಬರುತ್ತದೆಂಬುದನ್ನು ಲೀಲಾವತಿಯನ್ನು ಓದಿದ ಬಾಲಕನೂ ತೋರಿಸಬಲ್ಲನು. ಅದು ತಪ್ಪಲ್ಲ, ಉದ್ದೇಶಪೂರ್ವಕವಾದುದು. ಚೌಕ ಮಾಡುವಾಗ ಬಿದ್ದುಹೋಗುವ ಹೊರಹೋಳನ್ನು ಕೊಳ್ಳುವವನ ಲೆಕ್ಕಕ್ಕೆ ಹಾಕದಿರುವ ವ್ಯಾಪಾರನೀತಿ. ಕೊಂಬೆ, ತೊಗಟೆ, ಎಲೆ, ಬುಡ, ಬೇರುಗಳು ಲೆಕ್ಕದಿಂದ ಮೊದಲೇ ಹೊರಗಿದ್ದವು. ನೆಟ್ಟಗೆ ಬೆಳೆದ ಒಂಟಿಕಾಂಡದ ಮರಕ್ಕೆ ಈ ಕ್ರಮವು ಹೊಂದುತ್ತದೆ. ಬುಡದಿಂದಲೇ ಕವಲೊಡೆದು, ಬೆಂಕಿಯಿಂದ ಪೊಟರೆಯಾಗಿ, ಕಡಿದ ಬೊಡ್ಡೆಯಿಂದ ನಾಲ್ಕಾರು ಕಾಂಡವಾಗಿ ಮರುಚಿಗುರಿದ ಒಣಕಾಡಿನ ಮರಕ್ಕೆ ಈ ಕೋಷ್ಟಕದಲ್ಲಿ ಮನೆಯೇ ಇಲ್ಲ. ಅದು ‘ಸೌದೆ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು.

ಆ ಕಾಲದ ಲೆಕ್ಕಗಳೆಲ್ಲವೂ ನಿಷ್ಪ್ರಯೋಜಕವೆಂದು ಭಾವಿಸಬಾರದು. ಗ್ಯಾಂಬಲನು ೧೮೮೧ರಲ್ಲಿ ಪ್ರಕಟಿಸಿದ ಭಾರತೀಯ ಚೌಬೀನೆಗಳ ಕೈಪಿಡಿಯಲ್ಲಿ ಜಾತಿಜಾತಿಯ ಮರಕ್ಕೆ ಘನ ಅಡಿಯೊಂದರ ತೂಕವೆಷ್ಟೆಂದು ಕೊಟ್ಟಿದೆ. ೧೯೦೬ರಲ್ಲಿ ಡೆಹ್ರಾಡೂನಿನಲ್ಲಿ ಸ್ಥಾಪಿತವಾದ ಅರಣ್ಯಸಂಶೋಧನಾಲಯವು ಈ ಕೆಲಸವನ್ನು ಮುಂದುವರಿಸಿತು. ತೂಕದ ಈ ಕೋಷ್ಟಕಗಳು ತೊಲೆ ಕಂಬಗಳ ಉಪಯೋಗಕ್ಕಾಗಿ ಮಾಡಿದವು. ಇಂಗಾಲದ ಲೆಕ್ಕಕ್ಕೆ ಅವು ಬೇಕಾದೀತೆಂದು ಮಾಡಿದವರು ಕನಸಿನಲ್ಲಿಯೂ ಎಣಿಸಿರಲಾರರು. ಮೈಸೂರು ಸಂಸ್ಥಾನದಲ್ಲಿಯಂತೂ ಕಾಡಿನ ಇಂಗಾಲವು ಇಂಗಾಲವೆಂದೇ ಬೆಲೆಯುಳ್ಳದ್ದಾಗಿದ್ದ ಕಾಲವೊಂದುಂಟು. ೧೯೨೩ರಲ್ಲಿ ಭದ್ರಾವತಿಯಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯು ಕಲ್ಲಿದ್ದಲಿನಿಂದಲ್ಲ, ಸುತ್ತಣ ಕಾಡುಗಳ ಮರವನ್ನು ಭಟ್ಟಿಯಿಳಿಸಿ ಪಡೆದ ಇದ್ದಲಿನಿಂದ ಅದಿರನ್ನು ಕರಗಿಸುತ್ತಿದ್ದಿತು. ಟಾರು, ಮರದ ಸಾರಾಯಿ ಮೊದಲಾದವು ಉಪಫಲಗಳು. ಆಗಮದ ಇಂಗಾಲಕಮ್ಮ ವಣಕಮ್ಮಗಳೆರಡೂ ಒಂದೇ ಪ್ರಾಕಾರದೊಳಗೆ ಕೂಡಿದ ಸ್ಥಳವದು.

ಇಡೀ ಮರವನ್ನು ಕಡಿದು ತೂಗುವ ಕೆಲಸವು ವ್ಯವಸ್ಥಿತವಾಗಿ ನಡೆದದ್ದು ೧೯೬೪ರಿಂದ ೧೯೭೪ರವರೆಗಿನ ಅಂತರರಾಷ್ಟ್ರೀಯ ಜೀವವಿಜ್ಞಾನ ಯೋಜನೆಯ ಕಾಲದಲ್ಲಿ. ಭಾರತದಲ್ಲಿ ಕಾಶೀ ಹಿಂದೂ ವಿಶ್ವವಿದ್ಯಾಲಯದ ರಾಮದೇವ ಮಿಶ್ರರೂ ಅವರ ಶಿಷ್ಯರೂ ಗಂಗೆಯ ದಕ್ಷಿಣಕ್ಕಿರುವ ಚಕಿಯಾ ಮೊದಲಾದ ಕಡೆಯ ಎಲೆಯುದುರುವ ಒಣಕಾಡುಗಳನ್ನು ಈ ದೃಷ್ಟಿಯಿಂದ ಅಭ್ಯಾಸಮಾಡಿದರು. ಕೆಲಸದ ಕ್ರಮವು ಹೀಗೆ. ಮರದ ಎದೆಯೆತ್ತರದ ಸುತ್ತಳತೆಯನ್ನು ಮೊದಲು ಗುರುತಿಸಿಕೊಳ್ಳುತ್ತಾರೆ. ಭಾರತದಲ್ಲಿ ಎದೆಯೆತ್ತರವೆಂದರೆ ನಾಲ್ಕೂವರೆ ಅಡಿ, ಎಂದರೆ ೧.೩೭ ಮೀಟರು, ಇತರ ಹಲವು ದೇಶಗಳಲ್ಲಿ ೧.೩೦. ಬಳಿಕ ಮರವನ್ನು ಉರುಳಿಸಿ ಕಾಂಡ, ಕೊಂಬೆ, ಕಡ್ಡಿ, ಎಲೆಗಳನ್ನು ಬೇರೆಬೇರೆಯಾಗಿ ಅಲ್ಲಿಯೇ ತೂಗುತ್ತಾರೆ. ಹಸಿಯ ತೂಕವು ನಂಬತಕ್ಕದ್ದಲ್ಲ. ಅದರಲ್ಲಿ ನೀರೇ ಬಹಳ. ಆದುದರಿಂದ ಪ್ರತಿಯೊಂದು ಅಂಗದಿಂದಲೂ ತುಣುಕುಗಳನ್ನು ತೆಗೆದು, ಮರದ ಭಾಗಗಳನ್ನು ಸುಮಾರು ೧೦೫ ಡಿಗ್ರಿ ಸೆಂಟಿಗ್ರೇಡ್ ಶಾಖದ ಒಲೆಯಲ್ಲಿ ತೂಕವು ನಿಲ್ಲುವವರೆಗೆ ಒಣಗಿಸಿ, ಹಸಿಗೂ ಒಣಗಿದ್ದಕ್ಕೂ ಇರುವ ಪ್ರಮಾಣದಿಂದ ಇಡೀ ಮರದ ಒಣತೂಕವನ್ನು ತರುತ್ತಾರೆ. ಆ ಒಣತೂಕದಲ್ಲಿ ಸುಮಾರು ಅರ್ಧ ಇಂಗಾಲ. ಬಹುಕಾಲ ನೂರರಲ್ಲಿ ೫೦ ಎಂದೇ ಹಿಡಿಯುತ್ತಿದ್ದರು. ಒಲೆಯಲ್ಲಿ ಆರಿಹೋಗುವ ಇಂಗಾಲವನ್ನೂ ಸೇರಿಸಿ ಮಾರ್ಟಿನ್, ಥಾಮಸ್ ಎಂಬವರು ೨೦೧೧ರಲ್ಲಿ ಉಷ್ಣವಲಯದ ಮರಗಳಿಗೆ ಸರಾಸರಿ ೪೭.೪ ಎಂದು ಕಂಡರು. ಈಗ ೪೭ ಎಂದು ಹಿಡಿಯುವುದು ರೂಢಿ. ಇಂಗಾಲದ ಒಂದು ಟನ್ನು ಇಂಗಾಲಾಮ್ಲವಾಯುವಿನ ೩.೬೭ ಟನ್ನಿಗೆ ಸಮವೆಂಬುದನ್ನು ಮರೆತು ಒಂದರ ಲೆಕ್ಕವನ್ನು ಇನ್ನೊಂದರ ಹೆಸರಿನಲ್ಲಿ ಓದುವ ಪ್ರಮಾದವು ವೃತ್ತಪತ್ರಿಕೆಗಳಲ್ಲಿ ಅಪೂರ್ವವಲ್ಲ.

ಕಡಿದ ಮರದ ತೂಕವು ಪ್ರತ್ಯಕ್ಷ. ನಿಂತ ಮರದ ತೂಕವು ಅನುಮಾನ. ಕಡಿದು ತೂಗಿದ ಕೆಲವು ಮರಗಳಲ್ಲಿ ಸುತ್ತಳತೆಗೂ ತೂಕಕ್ಕೂ ಕಂಡ ಸಹಚಾರದಿಂದ ಒಂದು ವ್ಯಾಪ್ತಿಯನ್ನು ಗ್ರಹಿಸಿ, ಕಡಿಯದ ಮರದ ಸುತ್ತಳತೆಯೆಂಬ ಹೇತುವಿನಿಂದ ತೂಕವೆಂಬ ಸಾಧ್ಯವನ್ನು ಸಾಧಿಸುತ್ತಾರೆ. ವಿಜ್ಞಾನಿಗಳು ಇದನ್ನು ಸಮೀಕರಣವೆನ್ನುತ್ತಾರೆ. ನೈಯಾಯಿಕನು ನೋಡಿದರೆ ತನ್ನ ಮನೆಯ ಸಾಮಾನೆಂದೇ ಗುರುತಿಸುವನು. ಗುರುತಿಸಿದೊಡನೆ ಅವನು ಕೇಳುವ ಪ್ರಶ್ನೆಗಳೂ ಎರಡು: ಭೂಯೋದರ್ಶನವೆಷ್ಟು? ಉಪಾಧಿಯುಂಟೋ ಇಲ್ಲವೋ?

ಮೊದಲನೆಯ ಪ್ರಶ್ನೆಗೆ ಉತ್ತರವು ಆಶ್ಚರ್ಯಕರವಾಗಿದೆ. ಸ್ಯಾಂಡ್ರಾ ಬ್ರೌನ್ ಮೊದಲಾದವರು ೧೯೮೯ರಲ್ಲಿ ಉಷ್ಣವಲಯದ ಕಾಡುಗಳನ್ನು ಒಣ, ತೇವ, ಒದ್ದೆ ಎಂದು ವಿಂಗಡಿಸಿ ಒಂದೊಂದಕ್ಕೂ ಸಮೀಕರಣವನ್ನು ಕೊಟ್ಟರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ೧೯೯೭ರಲ್ಲಿ ಪ್ರಕಟಿಸಿದ ಬ್ರೌನರ ಕೈಪಿಡಿಯಲ್ಲಿ ಇವು ಪರಿಷ್ಕೃತವಾಗಿ ಬಂದುವು. ಮುಂದೆ ಅನೇಕ ದೇಶಗಳ ಲೆಕ್ಕಗಳಿಗೆ ಇದೇ ಆಕರವಾಯಿತು. ಅದರಲ್ಲಿ ತೇವವಾದ ಕಾಡಿನ ಸಮೀಕರಣಕ್ಕೆ ಆಧಾರವಾಗಿ ೧೭೦ ಮರಗಳಿದ್ದವು. ಅವುಗಳ ವ್ಯಾಸವು ೧೪೮ ಸೆಂಟಿಮೀಟರಿನವರೆಗೆ ಇದ್ದಿತು. ವರ್ಷಕ್ಕೆ ೯೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಒಣಕಾಡಿನ ಸಮೀಕರಣಕ್ಕೆ ಆಧಾರವಾಗಿದ್ದವು ಭಾರತದಲ್ಲಿ ಕಡಿದ ೨೮ ಮರಗಳು. ವ್ಯಾಸವು ೫ರಿಂದ ೪೦ ಸೆಂಟಿಮೀಟರು. ಅದಕ್ಕಿಂತಲೂ ಒಣದಾದ ಕಾಡಿಗೆ ಮೆಕ್ಸಿಕೋ ದೇಶದ ೧೯೧ ಮರಗಳಿಂದ ಬಂದ ಬೇರೊಂದು ಸಮೀಕರಣವಿದ್ದಿತು. ಭಾರತದ ೨೮ ಮರಗಳ ಸಮೀಕರಣದಂತೆ ೨೦ ಸೆಂಟಿಮೀಟರು ವ್ಯಾಸದ ಮರದ ಒಣತೂಕವು ಸುಮಾರು ೧೪೨ ಕಿಲೋಗ್ರಾಂ. ೪೦ ಸೆಂಟಿಮೀಟರಿನದು ಸುಮಾರು ೭೦೮. ವ್ಯಾಸವು ಇಮ್ಮಡಿಯಾದರೆ ತೂಕವು ಐದು ಮಡಿ. ಇಂಗಾಲವು ಕ್ರಮವಾಗಿ ೬೭ ಮತ್ತು ೩೩೩ ಕಿಲೋಗ್ರಾಂ. ಈ ೨೮ ಮರಗಳ ಮಾತನ್ನು ನಂಬಿ ಭಾರತದಲ್ಲಿ ಮಾತ್ರವಲ್ಲದೆ ಇತರ ಖಂಡಗಳಲ್ಲಿಯೂ ಒಣಕಾಡುಗಳನ್ನು ತೂಗಿದರು. ೪೦ ಸೆಂಟಿಮೀಟರನ್ನು ಮೀರಿದ ತೇಗ, ಮತ್ತಿಗಳಿಗೂ ಅದನ್ನೇ ಹಚ್ಚಿದವರುಂಟು. ಸೂತ್ರದ ಅಧಿಕಾರವು ಮುಗಿದ ಮೇಲೆಯೂ ಅನುವೃತ್ತಿಯನ್ನು ಎಳೆದುಕೊಂಡು ಹೋಗುವ ವ್ಯಾಖ್ಯಾನಕಾರನಂತೆ.

ಇನ್ನು ಉಪಾಧಿ. ಎಲ್ಲಿ ಹೊಗೆಯುಂಟೋ ಅಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯು ಸರಿ; ಎಲ್ಲಿ ಬೆಂಕಿಯುಂಟೋ ಅಲ್ಲಿ ಹೊಗೆಯುಂಟೆಂಬುದು ಸರಿಯಲ್ಲ, ಏಕೆಂದರೆ ಹಸಿಸೌದೆಯ ಸಂಬಂಧವೆಂಬ ಉಪಾಧಿ ಅಲ್ಲಿದೆಯೆಂದು ತರ್ಕಶಾಸ್ತ್ರದ ಬಾಲಪಾಠದಲ್ಲಿಯೇ ಹೇಳಿಕೊಡುತ್ತಾರೆ. ಇಷ್ಟು ಸುತ್ತಳತೆಯಿದ್ದರೆ ಇಷ್ಟು ತೂಕವೆಂಬ ವ್ಯಾಪ್ತಿಯಲ್ಲಿಯೂ ಅಡಗಿದ್ದ ಉಪಾಧಿಯು ಅದೇ, ನೀರು. ನೀರು ಕಡಮೆಯಾದ ನೆಲದಲ್ಲಿ ಅದೇ ಗಾತ್ರದ ಮರವು ಗಿಡ್ಡವಾಗಿರುತ್ತದೆ. ತೂಕವು ಅದರಿಂದ ತಗ್ಗುತ್ತದೆ. ಆದರೆ ಒಣನಾಡಿನ ಅನೇಕ ಮರಗಳ ಕಟ್ಟಿಗೆಯು ಬಿಗಿಯಾದುದು. ತೂಕವು ಅದರಿಂದ ಏರುತ್ತದೆ. ದಿಂಡಿಗದ ಒಂದು ಘನ ಅಡಿಯು ಬೂರುಗದ ಒಂದು ಘನ ಅಡಿಯ ಎರಡರಷ್ಟಕ್ಕೂ ಹೆಚ್ಚು ಭಾರ. ಹೀಗೆ ಒಂದಕ್ಕೊಂದು ಎದುರಾದ ಎರಡು ಕಾರಣಗಳನ್ನು ಸುತ್ತಳತೆಯೊಂದೇ ಹೇಗೆ ತಿಳಿಸೀತು? ಶಾವ್ ಮೊದಲಾದವರು ೨೦೦೫ರಲ್ಲಿ ೨೪೧೦ ಮರಗಳ ತೂಕಗಳನ್ನು ಕೂಡಿಸಿ, ಕಟ್ಟಿಗೆಯ ಸಾಂದ್ರತೆಯನ್ನು ಲೆಕ್ಕದೊಳಗೆ ತಂದರು. ಆಗಲೂ ಒಣಕಾಡಿಗೆ ಬೇರೆ ಸಮೀಕರಣವೇ ಬೇಕಾಯಿತು. ೨೦೧೪ರಲ್ಲಿ ೫೮ ಸ್ಥಳಗಳ ೪೦೦೪ ಮರಗಳನ್ನು ನೋಡಿ, ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಈ ಮೂರನ್ನೂ ಗುಣಿಸಿ ತೆಗೆದುಕೊಂಡರೆ ಒಣಕಾಡಿಗೂ ಒದ್ದೆಕಾಡಿಗೂ ಒಂದೇ ಸಮೀಕರಣವು ಸಾಲುತ್ತದೆಂದು ತೋರಿಸಿದರು. ಉಪಾಧಿಯನ್ನು ಹೊರಗೆಳೆದು ಹೇತುವಿನೊಳಗೇ ಸೇರಿಸಿಕೊಂಡದ್ದೇ ಇದರ ಗುಟ್ಟು. ಸಾಂದ್ರತೆಗೆ ೨೦೦೯ರಲ್ಲಿ ಸಿದ್ಧವಾದ ಜಗತ್ತಿನ ಕಾಷ್ಠಸಾಂದ್ರತೆಯ ಮಹಾಕೋಷ್ಟಕವು ಒದಗಿತು. ಎಂಟು ಸಾವಿರಕ್ಕೂ ಹೆಚ್ಚು ಜಾತಿಗಳುಳ್ಳ ಅಂತಹ ಕೋಷ್ಟಕವು ಹಳೆಯ ಚೌಬೀನೆಯ ಪಟ್ಟಿಗಳಿಲ್ಲದೆ ಆಗುತ್ತಿರಲಿಲ್ಲ. ಬೂರುಗಕ್ಕೂ ತೇಗಕ್ಕೂ ಬೇರೆಬೇರೆ ಭಾ‍ಜಕವನ್ನು ಹೇಳಿದ ಬ್ರಹ್ಮಗುಪ್ತನ ಕಡೆಗೆ ದಾರಿಯು ಹೀಗೆ ತಿರುಗಿತು.

ಸಮೀಕರಣವು ಒಳ್ಳೆಯದಾದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಅಳತೆಯನ್ನು ಕಾಡಿನಲ್ಲಿ ನಿಂತು ಮಾಡಬೇಕು. ಇದಕ್ಕೆ ಭಾರತದಲ್ಲಿ ಉತ್ತಮವಾದ ನಿದರ್ಶನವು ಬಂಡೀಪುರಕ್ಕೆ ಹೊಂದಿಕೊಂಡು, ಮೋಯಾರ್ ನದಿಯ ಆಚೆಗೆ ನೀಲಗಿರಿ ಸೀಮೆಯಲ್ಲಿರುವ ಮುದುಮಲೆಯ ಕಾಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರರೂ ಅವರ ಸಹಾಯಕರೂ ೧೯೮೮-೮೯ರಲ್ಲಿ ಅಲ್ಲಿ ೫೦ ಹೆಕ್ಟೇರು ನೆಲವನ್ನು ಗುರುತಿಸಿ, ಒಂದು ಸೆಂಟಿಮೀಟರು ವ್ಯಾಸಕ್ಕೆ ಕಡಮೆಯಿಲ್ಲದ ಪ್ರತಿಯೊಂದು ಮರಗಿಡಕ್ಕೂ ಅಂಕೆಯ ಬಿಲ್ಲೆಯನ್ನು ಕಟ್ಟಿ, ಅದರ ಸ್ಥಾನವನ್ನು ನಕ್ಷೆಯಲ್ಲಿ ಬರೆದುಕೊಂಡರು. ದೊರೆತದ್ದು ಸುಮಾರು ಇಪ್ಪತ್ತಾರು ಸಾವಿರ ಮರಗಿಡಗಳು, ಎಪ್ಪತ್ತರ ಆಸುಪಾಸಿನ ಜಾತಿಗಳು. ಪನಾಮಾ ದೇಶದ ಬಾರೋ ಕೊಲರಾಡೋ ದ್ವೀಪದಲ್ಲಿ ೧೯೮೦ರ ಸುಮಾರಿಗೆ ಇದೇ ಕ್ರಮದಲ್ಲಿ ಎಣಿಸಿದ ಇಷ್ಟೇ ನೆಲದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಇದ್ದವೆಂಬುದನ್ನು ಹೋಲಿಸಿದರೆ ಒಣಕಾಡಿನ ವಿರಳತೆಯು ಗೊತ್ತಾಗುತ್ತದೆ. ನಂದಿ, ಮತ್ತಿ, ದಿಂಡಿಗ, ತೇಗಗಳು ಇಲ್ಲಿಯ ಮುಖ್ಯವಾದ ದೊಡ್ಡ ಮರಗಳು. ಚರಕನು ಜಾಂಗಲದಲ್ಲಿ ಎಣಿಸಿದ ಧವವೇ ಈ ದಿಂಡಿಗ. ಸತ್ತದ್ದು, ಹೊಸದಾಗಿ ಬಂದದ್ದು ಯಾವುವೆಂದು ವರ್ಷಕ್ಕೊಮ್ಮೆ ನೋಡಿ ಬರೆಯುವುದೂ, ನಾಲ್ಕು ವರ್ಷಕ್ಕೊಮ್ಮೆ ಗಾತ್ರವನ್ನು ಅಳೆಯುವುದೂ ಅಲ್ಲಿಯ ನಿಯಮ.

ಹೀಗೆ ಅಳೆಯುವವರಿಗೆ ಒಣಕಾಡು ಒಡ್ಡುವ ತೊಡಕುಗಳು ಮಳೆಕಾಡಿನಲ್ಲಿ ಈ ಪ್ರಮಾಣದಲ್ಲಿಲ್ಲ. ಬೇಸಗೆಯಲ್ಲಿ ಕಾಂಡವು ನೀರಾರಿ ಕುಗ್ಗುತ್ತದೆ. ಮಳೆ ಬಂದೊಡನೆ ಉಬ್ಬುತ್ತದೆ. ವ್ಯಾಸವು ನೂರರಲ್ಲಿ ಒಂದು ಪಾಲು ಕುಗ್ಗಿದರೆ ಲೆಕ್ಕದ ತೂಕವು ನೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಕುಗ್ಗುತ್ತದೆ. ಮರದಲ್ಲಾದರೋ ಒಂದು ಗುಂಜಿಯಷ್ಟು ಇಂಗಾಲವೂ ಹೋಗಿರುವುದಿಲ್ಲ. ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುವ ಮರದಲ್ಲಿ ಈ ಕುಗ್ಗುವಿಕೆಯು ಬೆಳವಣಿಗೆಯನ್ನೇ ನುಂಗಬಹುದು. ಆದುದರಿಂದ ಯಾವ ತಿಂಗಳಲ್ಲಿ ಅಳೆದದ್ದೆಂಬುದನ್ನು ಬರೆಯದ ಒಣಕಾಡಿನ ಅಳತೆಯು ತಿಥಿಯಿಲ್ಲದ ಶಾಸನದಂತೆ. ಬೆಂಕಿಯು ಎರಡನೆಯ ತೊಡಕು. ನೆಲದ ಹುಲ್ಲಿಗೆ ಹತ್ತಿದ ಕಿಚ್ಚು ಎಳೆಯ ಗಿಡಗಳ ಕಾಂಡವನ್ನು ಸುಟ್ಟುಹಾಕುತ್ತದೆ. ಬೇರು ಸಾಯದೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಪಟ್ಟಿಯಲ್ಲಿ ಸತ್ತಿತೆಂದು ಬರೆದ ಗಿಡವು ಎದ್ದು ನಿಂತಿರುತ್ತದೆ. ದೊಡ್ಡ ಮರಗಳ ಬುಡವನ್ನು ಕಿಚ್ಚು ಒಳಗಿನಿಂದ ತಿಂದರೆ ಪೊಟರೆಯಾಗುತ್ತದೆ. ಹೊರಗಿನ ಸುತ್ತಳತೆಯು ಒಳಗಿನ ಶೂನ್ಯವನ್ನು ತಿಳಿಸುವುದಿಲ್ಲ. ಮೂರನೆಯದು ಆನೆ. ಮುದುಮಲೆಯಲ್ಲಿ ಮೊದಲ ಎಣಿಕೆಯ ಕಾಲಕ್ಕೆ ಹೇರಳವಾಗಿದ್ದ ಬೆಂಡೆಮರವು (ಕೈಡಿಯಾ ಕ್ಯಾಲಿಸಿನಾ) ಮುಂದಿನ ಕೆಲವೇ ವರ್ಷಗಳಲ್ಲಿ ಆನೆಗಳ ಬಾಯಿಗೆ ಸಿಕ್ಕಿ ಬಹುವಾಗಿ ಕುಗ್ಗಿತು. ಆದರೆ ಅದು ಮೆದುಮರ, ಸಣ್ಣ ಕಾಂಡ. ಸಾವಿರಾರು ಗಿಡಗಳು ಅಳಿದರೂ ಇಂಗಾಲದ ಲೆಕ್ಕದಲ್ಲಿ ದೊಡ್ಡ ಮತ್ತಿ ನಂದಿಗಳ ಪಾಲೇ ಹಿರಿದಾಗಿರುತ್ತದೆ. ಗಿಡಗಳನ್ನು ಎಣಿಸುವವನಿಗೆ ಹಾಳಾದಂತೆ ಕಾಣುವ ಕಾಡು ತೂಗುವವನಿಗೆ ಹಾಗೆ ಕಾಣದಿರಬಹುದು. ಇದು ತೂಗುವವನ ಹೆಚ್ಚುಗಾರಿಕೆಯಲ್ಲ, ಅವನ ಕಣ್ಣಿನ ಮಿತಿ.

ಇತ್ತೀಚೆಗೆ ನೆಲದಿಂದ ಅಳೆಯುವುದನ್ನು ಬಿಟ್ಟು ಆಕಾಶದಿಂದ ನೋಡುವ ಕ್ರಮವು ಬಲವಾಗಿದೆ. ಮರಗಳು ದೂರದೂರವಾಗಿ ನಿಂತ ಒಣನಾಡಿನಲ್ಲಿ ಒಂದೊಂದು ಮರದ ಹಂದರವನ್ನೂ ಉಪಗ್ರಹಚಿತ್ರದಲ್ಲಿ ಬಿಡಿಬಿಡಿಯಾಗಿ ಕಾಣಬಹುದು. ದಟ್ಟವಾದ ಮಳೆಕಾಡಿನಲ್ಲಿ ಇದು ಕಷ್ಟ. ವಿರಳತೆಯು ಇಲ್ಲಿ ಉಪಕಾರವೇ ಆಯಿತು. ೨೦೧೭ರಲ್ಲಿ ಬಾಸ್ಟಿನ್ ಮೊದಲಾದವರು ಇಂತಹ ಚಿತ್ರಗಳನ್ನು ನೋಡಿ, ಜಗತ್ತಿನ ಒಣಪ್ರದೇಶಗಳಲ್ಲಿ ಹಿಂದಿನ ಲೆಕ್ಕಗಳಿಗೆ ಬಾರದಿದ್ದ ೪೬ ಕೋಟಿ ೭೦ ಲಕ್ಷ ಹೆಕ್ಟೇರು ಅರಣ್ಯವುಂಟೆಂದು ಪ್ರಕಟಿಸಿದರು. ವಿರಳವಾಗಿ ಮರವುಳ್ಳ ಹುಲ್ಲುಗಾವಲನ್ನು ಅರಣ್ಯವೆನ್ನಬಹುದೇ ಎಂದು ಆಕ್ಷೇಪಿಸಿದವರೂ ಉಂಟು, ಆಕ್ಷೇಪದಲ್ಲಿ ಸತ್ತ್ವವಿದೆ. ಆಫ್ರಿಕಾದ ಒಣಸೀಮೆಗಳಲ್ಲಿ ೨೦೨೩ರಲ್ಲಿ ಟಕರ್ ಮೊದಲಾದವರು ಸುಮಾರು ೯೯೦ ಕೋಟಿ ಮರಗಳನ್ನು ಒಂದೊಂದಾಗಿ ಎಣಿಸಿ, ಹಂದರದ ವಿಸ್ತಾರದಿಂದ ಇಂಗಾಲವನ್ನು ತಂದರು. ಎದೆಯೆತ್ತರದ ಸುತ್ತಳತೆಯು ಇಲ್ಲಿ ಹೇತುವೇ ಅಲ್ಲ. ಆದರೆ ಹಂದರದಿಂದ ತೂಕಕ್ಕೆ ಹೋಗುವ ವ್ಯಾಪ್ತಿಯನ್ನು ಮಾತ್ರ ಮತ್ತೆ ಕಡಿದು ತೂಗಿದ ಮರಗಳಿಂದಲೇ ಪಡೆಯಬೇಕಾಯಿತು.

ಈ ವಿಚಾರವು ಪಂಡಿತರ ವಿನೋದವಲ್ಲ. ಕಂದಾಯದ ಕಾಗದಗಳಲ್ಲಿ ‘ಹಾಳು’, ‘ಬೀಳು’ ಎಂದು ಬರೆಯಲ್ಪಟ್ಟ ಕುರುಚಲು ಕಾಡಿಗೆ ಏನಾದರೂ ಆಗಬಹುದೆಂಬ ಭಾವನೆಯು ಬಹುಕಾಲದ್ದು. ಕರ್ನಾಟಕದ ಒಣಜಿಲ್ಲೆಗಳಲ್ಲಿ ೧೯೬೦ರ ಈಚೆಗೆ ಇಂತಹ ನೆಲಗಳಲ್ಲಿ ನೀಲಗಿರಿಯ ತೋಪುಗಳನ್ನು ವಿಸ್ತಾರವಾಗಿ ಎಬ್ಬಿಸಿದರು. ಟೀಪುವಿನ ಕಾಲದಲ್ಲಿ ನಂದಿಬೆಟ್ಟದಲ್ಲಿ ನೆಟ್ಟ ಮರಗಳ ಸಂತತಿಯೆಂದು ಹೇಳುವ ‘ಮೈಸೂರು ಗಮ್’ ಎಂಬ ತಳಿಯು ಇದರಿಂದಲೇ ಇತರ ಪ್ರಾಂತಗಳಿಗೂ ಹರಡಿತು. ಬೇಗನೆ ಬೆಳೆದು, ನೆಟ್ಟಗೆ ನಿಂತು, ಸಮೀಕರಣಕ್ಕೆ ಸುಲಭವಾಗಿ ಒಗ್ಗುವ ಮರವದು. ಕೆಲವು ವರ್ಷಗಳಿಗೊಮ್ಮೆ ಕಡಿದು ಕಾಗದದ ಗಿರಣಿಗೆ ಸಾಗಿಸುವ ಆ ಮರದ ಇಂಗಾಲವು ಎಷ್ಟು ಕಾಲ ನೆಲದ ಮೇಲಿರುತ್ತದೆ, ಅದಕ್ಕಾಗಿ ತೆಗೆದುಹಾಕಿದ ದಿಂಡಿಗ, ಕಗ್ಗಲಿ, ಜಾಲಿಗಳು ಹಿಡಿದಿಟ್ಟಿದ್ದದ್ದೆಷ್ಟು ಎಂಬ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಹೊರಟವರು ಆ ದಿನಗಳಲ್ಲಿ ವಿರಳ. ಒಂದು ತಟ್ಟೆಯಲ್ಲಿ ಇಡುವುದಕ್ಕೆ ಕೋಷ್ಟಕವಿದ್ದಿತು, ಇನ್ನೊಂದರಲ್ಲಿ ಇಡುವುದಕ್ಕೆ ‘ಸೌದೆ’ ಎಂಬ ಶಬ್ದವು ಮಾತ್ರ.

ಇಷ್ಟೆಲ್ಲವೂ ನೆಲದ ಮೇಲಿನ ಮಾತು. ಒಣನಾಡಿನ ಮರವು ನೀರಿಗಾಗಿ ಕೆಳಕ್ಕೆ ಬೆಳೆಯುತ್ತದೆ. ಕಾಂಡವನ್ನು ಹತ್ತು ಸಲ ಕಡಿದರೂ ಸುಟ್ಟರೂ ಬೇರು ತನ್ನ ಹಳೆಯ ಗಾತ್ರದಲ್ಲಿಯೇ ಉಳಿದಿರಬಹುದು. ಮಣಿಕಟ್ಟಿನಷ್ಟು ದಪ್ಪದ ಚಿಗುರುಕಾಂಡದ ಕೆಳಗೆ ತೊಡೆಗಿಂತ ದಪ್ಪವಾದ ಬೊಡ್ಡೆಯಿರುವುದನ್ನು ಹೊಲಕ್ಕಾಗಿ ಕಾಡು ಕಡಿದ ಯಾವ ರೈತನೂ ಬಲ್ಲನು. ಪೋರ್ಟೊ ರಿಕೋ ದ್ವೀಪದ ಗ್ವಾನಿಕಾ ಎಂಬ ಒಣಕಾಡನ್ನು ಅಗೆದು ನೋಡಿದ ಮರ್ಫಿ, ಲೂಗೋ ಎಂಬವರು ಸಸ್ಯಗಳ ಒಟ್ಟು ತೂಕದಲ್ಲಿ ಹತ್ತಿರಹತ್ತಿರ ಅರ್ಧವು ನೆಲದೊಳಗೇ ಇದ್ದಿತೆಂದು ೧೯೮೬ರಲ್ಲಿ ಬರೆದರು. ಅಗೆಯುವ ಶ್ರಮವನ್ನು ಯಾರೂ ಬಯಸರು. ಆದುದರಿಂದ ಲೆಕ್ಕಗಳಲ್ಲಿ ಬೇರನ್ನು ಕಾಂಡದ ಇಂತಿಷ್ಟು ಪಾಲೆಂದು ಹಿಡಿಯುವುದೇ ವಾಡಿಕೆ. ಅಂತರರಾಷ್ಟ್ರೀಯ ಹವಾಮಾನ ಮಂಡಲಿಯು ೨೦೦೬ರಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲಿ ಉಷ್ಣವಲಯದ ಒಣಕಾಡಿನ ನೆಲದ ಮೇಲಣ ತೂಕವು ಹೆಕ್ಟೇರಿಗೆ ೨೦ ಟನ್ನಿಗಿಂತ ಕಡಮೆಯಿದ್ದರೆ ಬೇರು ಅದರ ೦.೫೬ ಪಾಲು, ಹೆಚ್ಚಿದ್ದರೆ ೦.೨೮ ಪಾಲು ಎಂದಿತ್ತು. ಇದರಂತೆ ೧೯ ಟನ್ನಿನ ಕಾಡಿಗೆ ಬೇರು ೧೦.೬ ಟನ್ನು, ಒಟ್ಟು ೨೯.೬, ೨೧ ಟನ್ನಿನ ಕಾಡಿಗೆ ಬೇರು ೫.೯ ಟನ್ನು, ಒಟ್ಟು ೨೬.೯. ಹತ್ತೊಂಬತ್ತರಿಂದ ಇಪ್ಪತ್ತೊಂದಕ್ಕೆ ಬೆಳೆದ ಕಾಡು ಬೆಳೆದದ್ದರಿಂದಲೇ ಎರಡೂಮುಕ್ಕಾಲು ಟನ್ನಿನಷ್ಟು ಬಡವಾಯಿತೆಂದು ಹೇಳಬೇಕಾಗುತ್ತದೆ. ೨೦೧೯ರಲ್ಲಿ ಈ ಮಾರ್ಗದರ್ಶಿಯನ್ನು ಪರಿಷ್ಕರಿಸಿ ಬೇರಿನ ಪಾಲುಗಳನ್ನೂ ಬದಲಾಯಿಸಿದರು. ಆದರೆ ಅಗೆದು ತೂಗಿದ ಬೇರುಗಳ ಸಂಖ್ಯೆಯು ಕಡಿದು ತೂಗಿದ ಕಾಂಡಗಳ ಸಂಖ್ಯೆಗಿಂತ ಈಗಲೂ ಬಹಳ ಕಡಮೆ.